ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಪತ್ರ ತರಬೇತಿ: ಹುಡುಕುವ ಬಗೆ, ಕೊಡುವ ಬಗೆ

ಬಿ.ಕಾಂ. ಪದವಿಯ ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಗಳು ಲೆಕ್ಕಪತ್ರ ವಿಭಾಗದಲ್ಲಿ ಇಂಟರ್ನ್‌ಶಿಪ್, ಅಂದರೆ ಪ್ರಾಯೋಗಿಕ ತರಬೇತಿ, ಬೇಕೆಂದು ಹುಡುಕತೊಡಗಿದಾಗ ಅವರ ದೃಷ್ಟಿ ಸಾಮಾನ್ಯವಾಗಿ ಹೋಗುವುದು ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಕಡೆಗೆ. ಬೃಹತ್ ಕಂಪನಿಗಳಿಗೆ ಅಂತರ್ಜಾಲದ ಮೂಲಕ ಒಬ್ಬೊಬ್ಬರಿಂದ ಹತ್ತಾರು ಅರ್ಜಿಗಳು ಹೋಗುತ್ತವೆ. ಉತ್ತರ ಬರುವುದು ವಿರಳ. ಅದೇ ಸಮಯದಲ್ಲಿ ಶಿವಾಜಿನಗರದ ಬಟ್ಟೆಯ ಸಗಟು ವರ್ತಕರು, ಹಲಸೂರಿನ ಹಾರ್ಡ್‌ವೇರ್ ಅಂಗಡಿಯವರು, ಮಹದೇವಪುರದ ಯಂತ್ರಭಾಗ ತಯಾರಕರು ಲೆಕ್ಕ ಬಲ್ಲ ಹುಡುಗರು ಸಿಗುತ್ತಿಲ್ಲವೆಂದು ಹೇಳುತ್ತಿರುತ್ತಾರೆ. ಇವರಿಬ್ಬರ ನಡುವಿನ ಅಂತರ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೂ ಪರಸ್ಪರ ಭೇಟಿಯಾಗುವುದಿಲ್ಲ. ವಿದ್ಯಾರ್ಥಿಗೆ ಅಂಗಡಿಯ ಲೆಕ್ಕದ ಕೋಣೆಯೂ ತರಬೇತಿಯ ಸ್ಥಳವೆಂದು ತೋರುವುದಿಲ್ಲ. ವರ್ತಕರಿಗೆ ಹೊರಗಿನ ವಿದ್ಯಾರ್ಥಿಯನ್ನು ತಮ್ಮ ಪುಸ್ತಕಗಳ ಮುಂದೆ ಕೂರಿಸಲು ಧೈರ್ಯ ಬರುವುದಿಲ್ಲ. ವಿದ್ಯಾರ್ಥಿಗಳು ಎಲ್ಲಿ, ಹೇಗೆ ಅರ್ಜಿ ಸಲ್ಲಿಸಬೇಕು ಎಂಬುದನ್ನೂ, ಆ ಅರ್ಜಿ ಕೈಗೆ ಬಂದಾಗ ಸಣ್ಣ ಉದ್ದಿಮೆದಾರರು ಏನು ಮಾಡಬೇಕು ಎಂಬುದನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ. ಓದುಗರಲ್ಲಿ ಅನೇಕರು ಇಂಥ ವಿದ್ಯಾರ್ಥಿಗಳ ತಂದೆತಾಯಿಯರೂ ಆಗಿರುವುದರಿಂದ ಎರಡೂ ಭಾಗಗಳು ಉಪಯೋಗಕ್ಕೆ ಬರಬಹುದು.

ತರಬೇತಿಗಳಲ್ಲಿ ಭೇದ

‘ತರಬೇತಿ’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ವ್ಯವಸ್ಥೆಗಳು ಸೇರಿಕೊಂಡಿವೆ. ಇವುಗಳ ಭೇದ ತಿಳಿಯದೆ ವಿದ್ಯಾರ್ಥಿಗಳು ಒಂದು ವರ್ಷ ಕಳೆದುಕೊಳ್ಳುವುದುಂಟು, ಉದ್ದಿಮೆದಾರರು ಕಾನೂನಿನ ತೊಡಕಿಗೆ ಸಿಲುಕುವುದೂ ಉಂಟು.

ಮೊದಲನೆಯದು ಸನ್ನದು ಲೆಕ್ಕಪರಿಶೋಧಕರ ಕಚೇರಿಯ ಆರ್ಟಿಕಲ್‌ಶಿಪ್. ಇದು ಸಿ.ಎ. ವ್ಯಾಸಂಗದ ಅಂಗ. 1949ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು 2023ರ ಜುಲೈ 1ರಿಂದ ಹೊಸ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದಿತು. ಅದರಂತೆ ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ಅವಧಿ ಎರಡು ವರ್ಷಕ್ಕೆ ಇಳಿಯಿತು; ಆದರೆ ಇಂಟರ್‌ಮೀಡಿಯೆಟ್ ಪರೀಕ್ಷೆಯ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದವರಿಗೆ ಮಾತ್ರ ಪ್ರವೇಶ. ಬಿ.ಕಾಂ. ವಿದ್ಯಾರ್ಥಿಯೊಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮೂರು ತಿಂಗಳು ಕೆಲಸ ಮಾಡಿದರೆ ಅದು ಉತ್ತಮ ಅನುಭವವೇ ಹೌದು, ಆದರೆ ಆರ್ಟಿಕಲ್‌ಶಿಪ್ ಆಗಲಾರದು. ಸಂಸ್ಥೆಯಲ್ಲಿ ನೋಂದಣಿಯಾಗದ ಅವಧಿ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಅನೇಕ ಪೋಷಕರು ಈ ವಿಷಯದಲ್ಲಿ ಗೊಂದಲಕ್ಕೊಳಗಾಗಿರುವುದು ಕಂಡುಬರುತ್ತದೆ.

ಎರಡನೆಯದು 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯ ತರಬೇತಿ. ಅಪ್ರೆಂಟಿಸ್, ಅಂದರೆ ಶಿಶಿಕ್ಷು, ಎಂದೊಡನೆ ಲೇತ್ ಯಂತ್ರದ ಮುಂದೆ ನಿಂತ ಐ.ಟಿ.ಐ. ಹುಡುಗನ ಚಿತ್ರವೇ ಮನಸ್ಸಿಗೆ ಬರುತ್ತದೆ. ಆದರೆ 2014ರ ತಿದ್ದುಪಡಿಯ ನಂತರ ತಾಂತ್ರಿಕೇತರ ಪದವೀಧರರೂ ಇದರ ವ್ಯಾಪ್ತಿಗೆ ಬಂದಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಗುತ್ತಿಗೆ ಕಾರ್ಮಿಕರೂ ಈ ಎಣಿಕೆಯಲ್ಲಿ ಸೇರುತ್ತಾರೆ. 4ರಿಂದ 29 ಸಿಬ್ಬಂದಿಯಿರುವವರಿಗೆ ಇದು ಐಚ್ಛಿಕ. ಪದವೀಧರರಿಗೆ ಕನಿಷ್ಠ ಭತ್ಯೆಯನ್ನು ಅದೇ ತಿದ್ದುಪಡಿಯಲ್ಲಿ ತಿಂಗಳಿಗೆ ರೂ. 9,000 ಎಂದು ನಿಗದಿಪಡಿಸಲಾಯಿತು. ಸೇರಿಸಿಕೊಳ್ಳುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ಪರಿಶೀಲಿಸತಕ್ಕದ್ದು. ಪದವೀಧರರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಭತ್ಯೆಯ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಭಾಗದ ವ್ಯವಹಾರವನ್ನು ಚೆನ್ನೈನಲ್ಲಿರುವ ದಕ್ಷಿಣ ವಲಯದ ಮಂಡಳಿ ನೋಡಿಕೊಳ್ಳುತ್ತದೆ. ಮಹದೇವಪುರ, ಹೂಡಿ ಭಾಗದಲ್ಲಿ 30 ಸಿಬ್ಬಂದಿಯ ಗಡಿಯನ್ನು ದಾಟಿದ ಘಟಕಗಳು ಬಹಳಷ್ಟಿವೆ. ಕಡ್ಡಾಯದ ಸಂಖ್ಯೆಯನ್ನು ಯಂತ್ರಶಾಲೆಯಲ್ಲಷ್ಟೇ ತುಂಬದೆ ಲೆಕ್ಕದ ಕೋಣೆಗೂ ಒಬ್ಬರನ್ನು ತೆಗೆದುಕೊಳ್ಳಬಹುದೆಂಬುದನ್ನು ಅವರು ಗಮನಿಸಬೇಕು.

ಮೂರನೆಯದು ಕಾಲೇಜಿನ ಪಠ್ಯಕ್ರಮದ ಅಂಗವಾಗಿಯೋ, ವಿದ್ಯಾರ್ಥಿಯ ಸ್ವಂತ ಆಸಕ್ತಿಯಿಂದಲೋ ನಡೆಯುವ ನಾಲ್ಕರಿಂದ ಹನ್ನೆರಡು ವಾರಗಳ ಇಂಟರ್ನ್‌ಶಿಪ್. ಇದರ ಅವಧಿ, ಅಂಕ, ವರದಿಯ ನಿಯಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆ ಕಾರ್ಯರೂಪಕ್ಕೆ ಬಂದ ಮೇಲೆ ನಗರದ ಪೂರ್ವಭಾಗದಲ್ಲೇ ಅಕ್ಕಪಕ್ಕದ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದವು. ಸ್ವಾಯತ್ತ ಕಾಲೇಜುಗಳದ್ದು ಇನ್ನೊಂದು ಕ್ರಮ. ಸಾಲದ್ದಕ್ಕೆ 2021–22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವನ್ನು ಬಿಟ್ಟು ರಾಜ್ಯವು 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ‘ಎಷ್ಟು ವಾರ ಬೇಕು, ಯಾವ ನಮೂನೆಯಲ್ಲಿ ಪ್ರಮಾಣಪತ್ರ ಬೇಕು’ ಎಂಬ ಪ್ರಶ್ನೆಗೆ ವಿದ್ಯಾರ್ಥಿ ತನ್ನ ಕಾಲೇಜಿನಿಂದಲೇ ಲಿಖಿತ ಉತ್ತರ ತರಬೇಕು. ಬೇರೆ ಕಾಲೇಜಿನ ಸ್ನೇಹಿತನ ಮಾತು ಇಲ್ಲಿ ಪ್ರಯೋಜನಕ್ಕೆ ಬಾರದು.

2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ವಿಚಾರಣೆ ಹೆಚ್ಚು. ಅದರ ಪ್ರಾಯೋಗಿಕ ಹಂತವು ದೇಶದ 500 ದೊಡ್ಡ ಕಂಪನಿಗಳನ್ನು ಕುರಿತದ್ದು. ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಅದರಲ್ಲಿ ಅವಕಾಶವಿರಲಿಲ್ಲ. ಹಗಲು ಕಾಲೇಜಿನ ವಿದ್ಯಾರ್ಥಿಯೂ ಸಣ್ಣ ವರ್ತಕರೂ ಅದನ್ನು ಕಾದು ಕೂರುವುದರಿಂದ ಲಾಭವಿಲ್ಲ.

ಎಲ್ಲಿ ಹುಡುಕಬೇಕು

ಬೆಂಗಳೂರು ದಂಡು ಪ್ರದೇಶ ಮತ್ತು ಪೂರ್ವಭಾಗದ ವಿದ್ಯಾರ್ಥಿಗೆ ಒಂದು ಅನುಕೂಲವಿದೆ. ಕನಿಂಗ್‌ಹ್ಯಾಮ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಕ್ವೀನ್ಸ್ ರಸ್ತೆಗಳ ಹಳೆಯ ಕಟ್ಟಡಗಳಲ್ಲಿ ಲೆಕ್ಕಪರಿಶೋಧಕರ ಕಚೇರಿಗಳಿವೆ, ಸಿ.ಎ. ಸಂಸ್ಥೆಯ ಬೆಂಗಳೂರು ಶಾಖೆ ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬಳಿ ಇದೆ. ಕಮರ್ಷಿಯಲ್ ಸ್ಟ್ರೀಟ್ ಮತ್ತು ರಸೆಲ್ ಮಾರುಕಟ್ಟೆಯ ಸುತ್ತ ಚಿಲ್ಲರೆ ಮತ್ತು ಸಗಟು ವ್ಯಾಪಾರ, ಇಂದಿರಾನಗರದ ಸಿ.ಎಂ.ಎಚ್. ರಸ್ತೆ ಮತ್ತು ನೂರಡಿ ರಸ್ತೆಗಳಲ್ಲಿ ಹೋಟೆಲು ಹಾಗೂ ಸೇವಾ ಉದ್ಯಮ, ಕೃಷ್ಣರಾಜಪುರದಿಂದಾಚೆಗೆ ತಯಾರಿಕಾ ಘಟಕಗಳು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಿನ ಮೆಟ್ರೊ ಮಾರ್ಗ ತೆರೆದ ಮೇಲೆ ವೈಟ್‌ಫೀಲ್ಡಿನಿಂದ ಇಂದಿರಾನಗರ, ಹಲಸೂರು, ಮಹಾತ್ಮ ಗಾಂಧಿ ರಸ್ತೆಯವರೆಗೆ ಒಂದೇ ಗಾಡಿಯಲ್ಲಿ ಬರಬಹುದು. ತರಗತಿ ಮಧ್ಯಾಹ್ನಕ್ಕೆ ಮುಗಿಯುವವರಿಗೆ ಮತ್ತು ಹಗಲಿಡೀ ಬಿಡುವಿರುವ ಸಂಜೆ ಕಾಲೇಜಿನವರಿಗೆ ಇದು ಚಿಕ್ಕ ವಿಷಯವಲ್ಲ.

ಹುಡುಕುವ ಕ್ರಮ ಹೀಗಿದ್ದರೆ ಉತ್ತಮ. ವಿದ್ಯಾರ್ಥಿ ಮೊದಲು ತನಗೆ ಬೇಕಾದ ಕೆಲಸದ ಸ್ವರೂಪವನ್ನು ನಿರ್ಧರಿಸಬೇಕು. ಅನೇಕ ಬಗೆಯ ವ್ಯವಹಾರಗಳ ಪರಿಚಯ ಬೇಕಾದರೆ ಲೆಕ್ಕಪರಿಶೋಧಕರ ಕಚೇರಿ. ಒಂದೇ ವ್ಯವಹಾರವನ್ನು ಖರೀದಿ ಆದೇಶದಿಂದ ಹಣ ಪಾವತಿಯವರೆಗೆ ಪೂರ್ತಿ ನೋಡಬೇಕಾದರೆ ತಯಾರಿಕಾ ಘಟಕ. ಎರಡನೆಯದನ್ನು ವಿದ್ಯಾರ್ಥಿಗಳು ಕೀಳೆಂದು ತಿಳಿಯುತ್ತಾರೆ, ಆದರೆ ಸರಕು ಬರುವುದನ್ನೂ ಹೋಗುವುದನ್ನೂ ಕಣ್ಣಾರೆ ಕಂಡವನಿಗೆ ದಾಸ್ತಾನಿನ ಲೆಕ್ಕವನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ. ನಂತರ ಮನೆಯಿಂದಲೋ ಕಾಲೇಜಿನಿಂದಲೋ ಅರ್ಧ ಗಂಟೆಯಲ್ಲಿ ತಲುಪಬಹುದಾದ ಇಪ್ಪತ್ತು ಸ್ಥಳಗಳ ಪಟ್ಟಿ ಮಾಡಿಕೊಳ್ಳಬೇಕು. ಕಾಲೇಜಿನ ವಾಣಿಜ್ಯ ವಿಭಾಗದ ಮುಖ್ಯಸ್ಥರು, ಹಿಂದಿನ ತಂಡದ ವಿದ್ಯಾರ್ಥಿಗಳು, ಮನೆಯವರು ಹತ್ತು ವರ್ಷಗಳಿಂದ ಸಾಮಾನು ಕೊಳ್ಳುತ್ತಿರುವ ಅಂಗಡಿ, ವಾಣಿಜ್ಯ ಮಂಡಳಿ ಹಾಗೂ ಕೈಗಾರಿಕಾ ಪ್ರದೇಶದ ಸಂಘಗಳ ಕಚೇರಿ – ಇವು ಪಟ್ಟಿಯ ಮೂಲಗಳು.

ಸಮಯವೂ ಮುಖ್ಯ. ಜುಲೈಯಿಂದ ಅಕ್ಟೋಬರ್‌ವರೆಗೆ ರಿಟರ್ನ್ ಹಾಗೂ ಆಡಿಟ್ ಕೆಲಸದ ಒತ್ತಡದಲ್ಲಿ ಲೆಕ್ಕಪರಿಶೋಧಕರಿಗೆ ಕೈಗಳು ಬೇಕು, ಕಲಿಸಲು ಬಿಡುವಿರುವುದಿಲ್ಲ. ಆದ್ದರಿಂದ ಅಲ್ಲಿಗೆ ಏಪ್ರಿಲ್–ಮೇ ತಿಂಗಳಲ್ಲೇ ಅರ್ಜಿ ಹಾಕಿ, ಒತ್ತಡ ಬರುವ ಮುನ್ನ ಕೆಲಸದ ಪರಿಚಯ ಮಾಡಿಕೊಳ್ಳಬೇಕು. ವರ್ತಕರಲ್ಲಿಗೆ ಹೋಗುವವರು ಪ್ರತಿ ತಿಂಗಳ 10, 11 ಹಾಗೂ 20ನೆಯ ತಾರೀಖನ್ನು ಬಿಡುವುದು ಒಳಿತು; ಜಿ.ಎಸ್.ಟಿ. ರಿಟರ್ನ್‌ನ ಕೊನೆಯ ದಿನ ಯಾವ ವರ್ತಕರಿಗೂ ಹೊಸಬರನ್ನು ಮಾತನಾಡಿಸುವ ತಾಳ್ಮೆ ಇರುವುದಿಲ್ಲ.

ಅರ್ಜಿ ಹೇಗಿರಬೇಕು

ಅಂತರ್ಜಾಲದಿಂದ ನಕಲು ಮಾಡಿದ, ‘ಸವಾಲಿನ ವಾತಾವರಣದಲ್ಲಿ ಬೆಳೆಯಬಯಸುವ’ ಎಂಬಂಥ ವಾಕ್ಯಗಳಿಂದ ತುಂಬಿದ ಎರಡು ಪುಟಗಳ ಬಯೋಡೇಟಾವನ್ನು ವರ್ತಕರು ಓದುವುದಿಲ್ಲ. ಅವರಿಗೆ ತಿಳಿಯಬೇಕಾದದ್ದು ನಾಲ್ಕೇ ಮಾತು: ಹುಡುಗ ಅಥವಾ ಹುಡುಗಿ ಯಾರು, ಏನು ಬರುತ್ತದೆ, ಯಾವಾಗ ಬರಬಲ್ಲರು, ಎಷ್ಟು ದಿನ ಇರುತ್ತಾರೆ. ಒಂದು ಮಾದರಿ:

‘ಮಾನ್ಯರೇ, ತಾವು ಹಲಸೂರಿನಲ್ಲಿ ನಡೆಸುತ್ತಿರುವ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಎಂಟು ವಾರಗಳ ತರಬೇತಿಗೆ ಅವಕಾಶ ಕೋರುತ್ತೇನೆ. ಬಿ.ಕಾಂ. ಐದನೆಯ ಸೆಮಿಸ್ಟರಿನಲ್ಲಿದ್ದೇನೆ. ಟ್ಯಾಲಿಯಲ್ಲಿ ಖರೀದಿ, ಮಾರಾಟ, ಬ್ಯಾಂಕ್ ನಮೂದು ಮಾಡಬಲ್ಲೆ. ಎಕ್ಸೆಲ್‌ನಲ್ಲಿ ಎರಡು ಪಟ್ಟಿಗಳನ್ನು ತಾಳೆ ನೋಡಬಲ್ಲೆ. ರಿಟರ್ನ್ ಸಲ್ಲಿಸಿದ ಅನುಭವವಿಲ್ಲ. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನ 2ರಿಂದ 6ರವರೆಗೆ ಬರಬಲ್ಲೆ. ಪರೀಕ್ಷೆಯ ಎರಡು ವಾರ ರಜೆ ಬೇಕಾಗುವುದು. ಕಾಲೇಜಿನ ಪತ್ರ ಲಗತ್ತಿಸಿದೆ.’

ಬರುವುದಿಲ್ಲವೆಂಬುದನ್ನು ಬರೆಯುವ ಆ ಒಂದು ವಾಕ್ಯವೇ ಉಳಿದವುಗಳ ಮೇಲೆ ನಂಬಿಕೆ ಹುಟ್ಟಿಸುತ್ತದೆ. ಭಾಷೆಯನ್ನೂ ನಮೂದಿಸಬೇಕು. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು ಬಲ್ಲವರಿಗೆ ಸರಬರಾಜುದಾರರಿಂದ ಫೋನಿನಲ್ಲಿ ಬಾಕಿ ಖಚಿತಪಡಿಸಿಕೊಳ್ಳುವ ಕೆಲಸ ಸುಲಭ. ಇದನ್ನು ಅರ್ಹತೆಯೆಂದು ಬರೆದುಕೊಳ್ಳುವ ವಿದ್ಯಾರ್ಥಿಗಳು ಕಡಿಮೆ. ಅರ್ಜಿಯನ್ನು ಕೈಯಲ್ಲಿ ಕೊಟ್ಟು, ಒಂದು ವಾರದ ನಂತರ ಒಮ್ಮೆ ವಿಚಾರಿಸಿದರೆ ಸಾಕು. ತರಬೇತಿಗೆ ಶುಲ್ಕ, ಠೇವಣಿ ಅಥವಾ ಮೂಲ ಅಂಕಪಟ್ಟಿ ಕೇಳುವವರಿಂದ ದೂರವಿರಬೇಕು. ಹಣ ಕೊಟ್ಟು ಪ್ರಮಾಣಪತ್ರ ಪಡೆದವರು ಮೊದಲ ಸಂದರ್ಶನದಲ್ಲಿ ಬ್ಯಾಂಕ್ ಹೊಂದಾಣಿಕೆ ಪಟ್ಟಿಯ ಬಗ್ಗೆ ಎರಡು ಪ್ರಶ್ನೆ ಕೇಳಿದೊಡನೆ ಸಿಕ್ಕಿಬೀಳುತ್ತಾರೆ.

ವಿದ್ಯಾರ್ಥಿಗೆ ಕೊಡತಕ್ಕ ಕೆಲಸ

ಇಲ್ಲಿಂದ ಮುಂದಿನದು ಉದ್ದಿಮೆದಾರರ ಪಾಲಿನದು. ಚಹಾ ತರುವುದು, ಬ್ಯಾಂಕಿಗೆ ಚೆಕ್ ಒಯ್ಯುವುದು, ಹಳೆಯ ಕಡತಗಳ ಧೂಳು ಕೊಡವುವುದು – ಎಂಟು ವಾರ ಇಷ್ಟೇ ಆದರೆ ಅದು ತರಬೇತಿಯಲ್ಲ. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಯ ಪಾಲಿಗೆ ಬಿಡಬೇಕು. ಅಂಥ ಕೆಲಸಗಳಲ್ಲಿ ಅತ್ಯಂತ ಉಪಯುಕ್ತವಾದುದು ಖರೀದಿ ಪುಸ್ತಕವನ್ನು ಜಿ.ಎಸ್.ಟಿ.ಆರ್-2ಬಿ ತಖ್ತೆಯೊಂದಿಗೆ ತಾಳೆ ನೋಡುವುದು. 2022ರ ಜನವರಿ 1ರಿಂದ, ಸರಬರಾಜುದಾರರು ತಮ್ಮ ರಿಟರ್ನ್‌ನಲ್ಲಿ ತೋರಿಸಿ ಈ ತಖ್ತೆಗೆ ಬಂದ ಬಿಲ್ಲುಗಳಿಗೆ ಮಾತ್ರ ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ತಖ್ತೆ ಮರುತಿಂಗಳ 14ರಂದು ಸಿದ್ಧವಾಗುತ್ತದೆ. ವರ್ತಕರ ಬಳಿ ಉಳಿಯುವುದು ಆರು ದಿನ.

ಉದಾಹರಣೆಗೆ, ಮಹದೇವಪುರದ ಒಂದು ಯಂತ್ರಭಾಗ ಘಟಕದ ಮೇ ತಿಂಗಳ ಖರೀದಿ ಪುಸ್ತಕದಲ್ಲಿ ತೆರಿಗೆ ರೂ. 2,34,000 ಇದೆಯೆಂದೂ ತಖ್ತೆಯಲ್ಲಿ ರೂ. 2,07,000 ಮಾತ್ರ ಕಾಣುತ್ತಿದೆಯೆಂದೂ ಭಾವಿಸಬಹುದು. ವ್ಯತ್ಯಾಸ ರೂ. 27,000. ವಿದ್ಯಾರ್ಥಿ ಎರಡು ದಿನ ಕುಳಿತು ಬಿಲ್ಲಿಗೆ ಬಿಲ್ಲು ಹೊಂದಿಸಿದಾಗ ಎರಡು ಕಾರಣಗಳು ಹೊರಬೀಳುತ್ತವೆ. ಮೊದಲನೆಯದು ರೂ. 1,00,000ದ ಉಕ್ಕಿನ ಬಿಲ್ಲು, ತೆರಿಗೆ ಶೇ. 18ರಂತೆ ರೂ. 18,000. ಆ ಸರಬರಾಜುದಾರರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು. ಬಿಲ್ಲನ್ನು ತಿಂಗಳ ನಡುವೆ ಸೇರಿಸಿಲ್ಲ. ಹಾಗಾಗಿ ಅದು ಜೂನ್ ತಿಂಗಳ ತಖ್ತೆಯಲ್ಲಿ ಬರುತ್ತದೆ, ಅಲ್ಲಿಯವರೆಗೆ ಕಾಯಬೇಕು. ಎರಡನೆಯದು ರೂ. 50,000ದ ಬಿಲ್ಲು, ತೆರಿಗೆ ರೂ. 9,000. ಸರಬರಾಜುದಾರರು ಘಟಕದ ಮಾಲೀಕರ ಸೋದರ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಹಾಕಿದ್ದಾರೆ. ಇದು ಕಾದರೆ ಬರುವುದಿಲ್ಲ. ಫೋನ್ ಮಾಡಿ ತಿದ್ದಿಸಬೇಕು. ಆರ್ಥಿಕ ವರ್ಷ ಮುಗಿದ ಮುಂದಿನ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವುದರೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಪಡೆಯದ ಜಮೆ ಕೈಬಿಟ್ಟಂತೆಯೇ. ಎರಡು ದಿನಗಳ ಈ ಕೆಲಸದಿಂದ ಘಟಕಕ್ಕೆ ಉಳಿದದ್ದು ರೂ. 9,000. ವಿದ್ಯಾರ್ಥಿಗಾದರೋ ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ನಿಯಮ ಅರ್ಥವಾಯಿತು.

ಚಿಲ್ಲರೆ ವ್ಯಾಪಾರಿಗಳಿಗೆ ಇನ್ನೊಂದು ಕೆಲಸ ತುರ್ತಿನದು. 2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ವಿವರಗಳ ಆಧಾರದ ಮೇಲೆ ಬೆಂಗಳೂರಿನ ಸಣ್ಣ ವರ್ತಕರಿಗೆ ನೋಟಿಸು ನೀಡಿದ್ದೂ, ಅಂಗಡಿಗಳಲ್ಲಿ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡದ್ದೂ ಎಲ್ಲರಿಗೂ ನೆನಪಿದೆ. ಆಗ ಅನೇಕರ ಕಷ್ಟವಿದ್ದುದು ತೆರಿಗೆಗಿಂತ ಹೆಚ್ಚಾಗಿ ಉತ್ತರ ಕೊಡುವುದರಲ್ಲಿ. ಖಾತೆಗೆ ಬಂದ ಹಣದಲ್ಲಿ ಹಣ್ಣು, ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕಿನ ಮಾರಾಟ ಎಷ್ಟು, ತೆರಿಗೆಯುಳ್ಳದ್ದು ಎಷ್ಟು, ನೆಂಟರಿಂದ ತಂದ ಕೈಸಾಲ ಎಷ್ಟು ಎಂದು ಹೇಳಲು ಅವರ ಬಳಿ ಬರಹವಿರಲಿಲ್ಲ. ಸರಕು ವ್ಯಾಪಾರಕ್ಕೆ ನೋಂದಣಿಯ ಮಿತಿ ವರ್ಷಕ್ಕೆ ರೂ. 40 ಲಕ್ಷ, ಸೇವೆಗೆ ರೂ. 20 ಲಕ್ಷ, ಆದರೆ ವಹಿವಾಟಿನ ಲೆಕ್ಕವಿಲ್ಲದೆ ಮಿತಿಯೊಳಗಿದ್ದೇನೆಂದು ತೋರಿಸುವುದು ಹೇಗೆ? ಬ್ಯಾಂಕ್ ವಿವರಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು, ಪ್ರತಿಯೊಂದು ಜಮೆಯ ಮುಂದೆ ಅದರ ಬಗೆಯನ್ನು ಬರೆಯುವುದು ಬಿ.ಕಾಂ. ವಿದ್ಯಾರ್ಥಿಯ ಶಕ್ತಿಗೆ ಮೀರಿದ್ದಲ್ಲ. ರಸೆಲ್ ಮಾರುಕಟ್ಟೆಯ ಸುತ್ತಲಿನ ಐದಾರು ಚಿಕ್ಕ ಅಂಗಡಿಗಳು ಸೇರಿ ಒಬ್ಬ ವಿದ್ಯಾರ್ಥಿಗೆ ಭತ್ಯೆ ಹಂಚಿಕೊಂಡು ಈ ಕೆಲಸ ಮಾಡಿಸಬಹುದು.

ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಬಾಕಿಯ ಪಟ್ಟಿ ಮೂರನೆಯ ಕೆಲಸ. 2024–25ರ ಕರನಿರ್ಧಾರಣಾ ವರ್ಷದಿಂದ ಬಂದ ಆದಾಯ ತೆರಿಗೆ ನಿಯಮದಂತೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಪಾವತಿಯಾಗದೆ ವರ್ಷಾಂತ್ಯಕ್ಕೆ ಉಳಿದ ಮೊತ್ತವನ್ನು ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು. ಯಾವ ಸರಬರಾಜುದಾರರು ಉದ್ಯಮ್ ನೋಂದಣಿ ಪಡೆದ ತಯಾರಕರು, ಯಾರು ಕೇವಲ ವರ್ತಕರು ಎಂದು ಕೇಳಿ ಬರೆದುಕೊಳ್ಳುವ ಈ ಕೆಲಸವನ್ನು ಮಾರ್ಚ್ ತಿಂಗಳ ಕೊನೆಯ ವಾರಕ್ಕೆ ಬಿಡದೆ ಜನವರಿಯಲ್ಲೇ ವಿದ್ಯಾರ್ಥಿಗೆ ಒಪ್ಪಿಸಬಹುದು. ದಾಸ್ತಾನಿನ ಎಣಿಕೆ, ನಗದು ಪುಸ್ತಕದ ತಾಳೆ ಮೊದಲಾದವು ಇದ್ದೇ ಇವೆ.

ಕೊಡಬಾರದ್ದು

ಡಿಜಿಟಲ್ ಸಹಿಯ ಟೋಕನ್, ಬ್ಯಾಂಕಿನ ಪಾಸ್‌ವರ್ಡ್, ಒ.ಟಿ.ಪಿ. ಬರುವ ಮೊಬೈಲು – ಈ ಮೂರೂ ವಿದ್ಯಾರ್ಥಿಯ ಕೈಗೆ ಹೋಗಕೂಡದು. ಇದು ಅಪನಂಬಿಕೆಯ ಮಾತಲ್ಲ. ನಾಳೆ ತಪ್ಪು ರಿಟರ್ನ್ ಹೋದರೆ ಇಪ್ಪತ್ತು ವರ್ಷದ ಹುಡುಗಿಯ ತಲೆಯ ಮೇಲೆ ಹೊಣೆ ಬೀಳದಂತೆ ಕಾಯುವುದೂ ಮಾಲೀಕರ ಕರ್ತವ್ಯವೇ. ಟ್ಯಾಲಿಯಲ್ಲಿ ವಿದ್ಯಾರ್ಥಿಗೆ ಪ್ರತ್ಯೇಕ ಬಳಕೆದಾರರ ಹೆಸರು ಕೊಟ್ಟು, ನಮೂದಿಗೆ ಮಾತ್ರ ಅವಕಾಶವಿಟ್ಟು, ಅಳಿಸುವ ಅಧಿಕಾರವನ್ನು ತಡೆಹಿಡಿಯಬಹುದು. ಇ-ವೇ ಬಿಲ್ ಪೋರ್ಟಲ್‌ನಲ್ಲಿಯೂ ಉಪಬಳಕೆದಾರರನ್ನು ಸೃಷ್ಟಿಸುವ ಸೌಲಭ್ಯವಿದೆ. ಕಂಪನಿಯಾಗಿ ನೋಂದಣಿಯಾದ ಘಟಕಗಳ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯುವುದು ಕಡ್ಡಾಯ. ಎಲ್ಲರೂ ಮಾಲೀಕರ ಹೆಸರಿನಲ್ಲೇ ಒಳಹೋಗುತ್ತಿದ್ದರೆ ಆ ದಾಖಲೆಯಿಂದ ಏನೂ ತಿಳಿಯದು.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ವರ್ತಕರು ವಿದ್ಯಾರ್ಥಿಯನ್ನು ಬೇಡವೆನ್ನಲು ಕೊಡುವ ಕಾರಣ ‘ವ್ಯವಹಾರದ ಗುಟ್ಟು’ ಎಂಬುದಾದರೂ, ಕೆಲವೆಡೆ ನಿಜವಾದ ಕಾರಣ ಕಚ್ಚಾ ಚೀಟಿಗಳ ಎರಡನೆಯ ಲೆಕ್ಕ. ಅಂಥ ಅಂಗಡಿಗೆ ವಿದ್ಯಾರ್ಥಿ ಹೋಗದಿರುವುದೇ ಕ್ಷೇಮ. ಬಿಲ್ಲಿಲ್ಲದ ಮಾರಾಟ ಬರೆಯಲು, ಸರಕು ಬಾರದ ಬಿಲ್ಲಿಗೆ ಜಮೆ ತೆಗೆಯಲು ಹೇಳಿದ ದಿನವೇ ಕಾಲೇಜಿಗೆ ತಿಳಿಸಿ ಹೊರಬರತಕ್ಕದ್ದು. ದರಪಟ್ಟಿ, ಗ್ರಾಹಕರ ಹೆಸರುಗಳಂಥ ನಿಜವಾದ ಗುಟ್ಟುಗಳಿಗಾದರೆ ಗೋಪ್ಯತೆಯ ಒಂದು ಪುಟದ ಒಪ್ಪಿಗೆ ಪತ್ರ ಸಾಕು.

ಪತ್ರ, ಭತ್ಯೆ, ಪ್ರಮಾಣಪತ್ರ

ಸೇರುವ ದಿನವೇ ಸಂಸ್ಥೆಯ ಪತ್ರಮುಖದಲ್ಲಿ ಅವಧಿ, ದಿನದ ವೇಳೆ, ಭತ್ಯೆ, ಕಲಿಸುವವರ ಹೆಸರು, ಕೆಲಸದ ವಿವರಗಳನ್ನು ಬರೆದು ಕೊಡಬೇಕು. ಅಪ್ರೆಂಟಿಸ್ ಕಾಯಿದೆಯಡಿ ತೆಗೆದುಕೊಂಡವರ ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಹಾಗೆ ನೋಂದಣಿಯಾದವರು ತರಬೇತಿದಾರರೇ ಹೊರತು ಕಾರ್ಮಿಕರಲ್ಲವೆಂದು ಕಾಯಿದೆಯೇ ಹೇಳುತ್ತದೆ. ನೋಂದಣಿಯಿಲ್ಲದೆ, ಹೆಸರಿಗೆ ಇಂಟರ್ನ್ ಎಂದು ಕರೆದು ಕಾಯಂ ಗುಮಾಸ್ತರ ಕೆಲಸವನ್ನು ವರ್ಷಗಟ್ಟಲೆ ಮಾಡಿಸಿದರೆ ಕನಿಷ್ಠ ವೇತನ, ಭವಿಷ್ಯ ನಿಧಿ, ಇ.ಎಸ್.ಐ. ಪ್ರಶ್ನೆಗಳು ಏಳುತ್ತವೆ. ಕಾಲೇಜಿನ ಪತ್ರದೊಂದಿಗೆ, ನಿಗದಿತ ವಾರಗಳಿಗೆ ಸೀಮಿತವಾಗಿ ನಡೆಯುವ ತರಬೇತಿಯಲ್ಲಿ ಈ ಭಯ ಕಡಿಮೆ.

ಭತ್ಯೆ ಕೊಡಲೇಬೇಕೆ ಎಂಬ ಪ್ರಶ್ನೆ ಬರುತ್ತದೆ. ಕಾಲೇಜಿನ ಅಲ್ಪಾವಧಿ ಇಂಟರ್ನ್‌ಶಿಪ್ ಅನೇಕ ಕಡೆ ಭತ್ಯೆಯಿಲ್ಲದೆ ನಡೆಯುತ್ತಿದೆ. ಆದರೆ ಕೃಷ್ಣರಾಜಪುರದಿಂದ ದಿನವೂ ಮೆಟ್ರೊ ಹತ್ತಿ ಬಂದು, ಹೊರಗೆ ಊಟ ಮಾಡಿ ಹೋಗುವ ವಿದ್ಯಾರ್ಥಿ ತನ್ನ ಮನೆಯ ಹಣದಿಂದ ಇನ್ನೊಬ್ಬರ ಲೆಕ್ಕ ಬರೆದಂತಾಗುತ್ತದೆ. ಅನುಕೂಲಸ್ಥರ ಮಕ್ಕಳು ಮಾತ್ರ ಅದನ್ನು ತಾಳಬಲ್ಲರು. ಪ್ರಯಾಣ ಮತ್ತು ಊಟದ ವೆಚ್ಚಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಬ್ಯಾಂಕ್ ಮೂಲಕ ಕೊಡುವುದು ನ್ಯಾಯ. ವ್ಯವಹಾರದ ಖರ್ಚಾಗಿ ಅದನ್ನು ತೋರಿಸಬಹುದು. ಒಂದೇ ದಿನ ಒಬ್ಬರಿಗೆ ರೂ. 10,000ಕ್ಕೂ ಹೆಚ್ಚು ನಗದಾಗಿ ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು.

ಮುಗಿಯುವ ದಿನ ಕೊಡುವ ಪ್ರಮಾಣಪತ್ರದಲ್ಲಿ ‘ಉತ್ತಮ ನಡತೆಯವರು’ ಎಂಬ ಒಂದು ಸಾಲು ಸಾಲದು. ಯಾವ ತಿಂಗಳುಗಳ ಖರೀದಿಯನ್ನು ತಾಳೆ ನೋಡಿದರು, ಎಷ್ಟು ಬ್ಯಾಂಕ್ ಖಾತೆಗಳ ಹೊಂದಾಣಿಕೆ ಮಾಡಿದರು, ದಾಸ್ತಾನಿನ ಎಣಿಕೆಯಲ್ಲಿ ಯಾವ ಭಾಗ ವಹಿಸಿದರು ಎಂದು ಸ್ಪಷ್ಟವಾಗಿ ಬರೆದು, ದಿನಾಂಕ, ಮೊಹರು, ಸಹಿ, ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಗಳೊಂದಿಗೆ ಕೊಡಬೇಕು. ಅದರ ಒಂದು ಪ್ರತಿಯನ್ನು, ವಿದ್ಯಾರ್ಥಿ ಬರೆದಿಟ್ಟ ದಿನಚರಿಯೊಂದಿಗೆ, ಕಚೇರಿಯ ಕಡತದಲ್ಲಿ ಉಳಿಸಿಕೊಳ್ಳತಕ್ಕದ್ದು. ಆರು ತಿಂಗಳ ನಂತರ ಮುಂದಿನ ಉದ್ಯೋಗದಾತರು ಫೋನ್ ಮಾಡಿ ಕೇಳಿದಾಗ ನೆನಪಿನಿಂದ ಉತ್ತರಿಸಬೇಕಾಗುವುದಿಲ್ಲ.